ಗಮನ ಅಳೆಯುವ ಕನ್ನಡಕಕ್ಕೆ ದೊಡ್ಡಆಲಹಳ್ಳಿ ಕಂಡೀತೆ?

ಖಿನ್ನತೆಯನ್ನು ಗುರುತಿಸಲು ಜಗತ್ತಿನ ಅನೇಕ ದೇಶಗಳ ವೈದ್ಯರು ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. ಪಿಎಚ್‌ಕ್ಯೂ-9 ಎಂಬ ಹೆಸರಿನ ಈ ಪಟ್ಟಿ 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದರ ಏಳನೆಯ ಪ್ರಶ್ನೆ ಗಮನಶಕ್ತಿಗೆ ಸಂಬಂಧಿಸಿದ್ದು. ಕಳೆದ ಎರಡು ವಾರಗಳಲ್ಲಿ ಪತ್ರಿಕೆ ಓದುವಾಗಲೋ ಟೆಲಿವಿಷನ್ ನೋಡುವಾಗಲೋ ಮನಸ್ಸನ್ನು ಒಂದೆಡೆ ನಿಲ್ಲಿಸುವುದು ಎಷ್ಟು ದಿನ ಕಷ್ಟವಾಯಿತು ಎಂಬುದು ಆ ಪ್ರಶ್ನೆಯ ತಾತ್ಪರ್ಯ. ನಗರದ ಓದುಗನಿಗೆ ಇದು ಸರಳವಾದ ಪ್ರಶ್ನೆ. ಆದರೆ ಪತ್ರಿಕೆಯನ್ನು ಓದುವ ಅಭ್ಯಾಸವೇ ಇಲ್ಲದ, ಟೆಲಿವಿಷನ್ ಮುಂದೆ ಕೂರಲು ಪುರುಸೊತ್ತಿಲ್ಲದ ರೈತ ಮಹಿಳೆಗೆ ಇದು ಏನನ್ನು ಕೇಳಿದಂತಾಯಿತು? 'ಅಂಥ ತೊಂದರೆಯೇನೂ ಇಲ್ಲ' ಎಂದು ಆಕೆ ಉತ್ತರಿಸಿದರೆ ಆಕೆಯ ಗಮನಶಕ್ತಿ ಚೆನ್ನಾಗಿದೆ ಎಂದು ತಿಳಿಯಬೇಕೆ ಅಥವಾ ಪ್ರಶ್ನೆಯು ಆಕೆಯ ಬದುಕಿನ ಅಂಗಳಕ್ಕೆ ಕಾಲಿಡಲೇ ಇಲ್ಲವೆಂದು ತಿಳಿಯಬೇಕೆ?

ಈಗ ಈ ಪ್ರಶ್ನೆಯನ್ನು ಎತ್ತಲು ಕಾರಣವಿದೆ. ಆತಂಕ ಮತ್ತು ಖಿನ್ನತೆಯಿಂದ ಬಳಲುವವರ ಗಮನಶಕ್ತಿ ಎಷ್ಟರಮಟ್ಟಿಗೆ ಕುಂದಿದೆ ಎಂಬುದನ್ನು ವರ್ಚುವಲ್ ರಿಯಾಲಿಟಿ ತಂತ್ರಜ್ಞಾನದಿಂದ ಅಳೆಯುವ ಪ್ರಯತ್ನಗಳು ಹಲವು ದೇಶಗಳ ಸಂಶೋಧನಾ ಕೇಂದ್ರಗಳಲ್ಲಿ ನಡೆದಿವೆ. ಕಣ್ಣಿಗೆ ದಪ್ಪನೆಯ ಕನ್ನಡಕದಂಥ ಸಾಧನವನ್ನು ಕಟ್ಟಿಕೊಂಡರೆ ಎದುರಿಗಿರುವ ಕೋಣೆ ಮರೆಯಾಗಿ, ಗಣಕಯಂತ್ರ ಸೃಷ್ಟಿಸಿದ ಮತ್ತೊಂದು ಜಗತ್ತು ಸುತ್ತಲೂ ತೆರೆದುಕೊಳ್ಳುತ್ತದೆ. ಆ ಜಗತ್ತಿನಲ್ಲಿ ವ್ಯಕ್ತಿ ಏನನ್ನು ನೋಡುತ್ತಾನೆ, ಯಾವ ಸದ್ದಿಗೆ ತಿರುಗುತ್ತಾನೆ, ಎಷ್ಟು ಬೇಗ ಕೆಲಸಕ್ಕೆ ಮರಳುತ್ತಾನೆ ಎಂಬುದನ್ನೆಲ್ಲ ಯಂತ್ರವೇ ದಾಖಲಿಸಿಕೊಳ್ಳುತ್ತದೆ. ಒಂದೆಡೆ ನಿಮ್ಹಾನ್ಸ್, ಇನ್ನೊಂದೆಡೆ ಮಾಹಿತಿ ತಂತ್ರಜ್ಞಾನದ ಉದ್ಯಮ ಎರಡೂ ಇರುವ ಬೆಂಗಳೂರು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಊರು. ನನ್ನ ಕುತೂಹಲ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಇದೇ ಕನ್ನಡಕ ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಗೆ ಹೋದರೆ ಅಲ್ಲಿಯ ಜನರ ಮನಸ್ಸು ಅದಕ್ಕೆ ಕಂಡೀತೆ?

ಕಾಗದದಿಂದ ಕನ್ನಡಕಕ್ಕೆ

ಗಮನ ಎಂಬುದು ಒಂದೇ ಶಕ್ತಿಯಲ್ಲ. ಒಂದು ಕೆಲಸದ ಮೇಲೆ ಬಹುಕಾಲ ಮನಸ್ಸನ್ನು ನಿಲ್ಲಿಸುವುದು ಒಂದು ಬಗೆ. ಹತ್ತು ಸದ್ದುಗಳ ನಡುವೆ ಬೇಕಾದ ಒಂದನ್ನು ಮಾತ್ರ ಹಿಡಿಯುವುದು ಇನ್ನೊಂದು. ಎರಡು ಕೆಲಸಗಳ ನಡುವೆ ಗಮನವನ್ನು ಹಂಚುವುದು ಮತ್ತೂ ಒಂದು. ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಷ್ಟಾವಧಾನವನ್ನು ಒಮ್ಮೆಯಾದರೂ ಕಂಡವರು ಇದನ್ನೆಲ್ಲ ವೇದಿಕೆಯ ಮೇಲೆಯೇ ನೋಡಿರುತ್ತಾರೆ. ಎಂಟು ಮಂದಿ ಪೃಚ್ಛಕರು ಎಂಟು ಕಡೆಯಿಂದ ಎಳೆಯುತ್ತಿರುವಾಗ ಅವಧಾನಿ ಪದ್ಯವನ್ನು ಕಟ್ಟುತ್ತ ಹೋಗಬೇಕು. ಅಪ್ರಸ್ತುತ ಪ್ರಸಂಗಿಯ ಕೆಲಸವಂತೂ ಸಂಬಂಧವಿಲ್ಲದ ಮಾತು ತೆಗೆದು ಅವಧಾನಿಯ ಏಕಾಗ್ರತೆಯನ್ನು ಕೆಡಿಸುವುದೇ. ಮನಸ್ಸಿನ ಬಲ ತಿಳಿಯುವುದು ಅಡ್ಡಿಯ ನಡುವೆ ಎಂಬ ಅರಿವು ಈ ಕಲೆಯಲ್ಲಿ ಅಡಕವಾಗಿದೆ.

ಆಧುನಿಕ ಮನೋವಿಜ್ಞಾನದ ಪರೀಕ್ಷೆಗಳು ಆರಂಭವಾದದ್ದು ಅಡ್ಡಿಗಳಿಲ್ಲದ ಕೋಣೆಯಲ್ಲಿ. 1935ರ ಸ್ಟ್ರೂಪ್ ಪರೀಕ್ಷೆಯಲ್ಲಿ 'ಕೆಂಪು' ಎಂಬ ಪದವನ್ನು ನೀಲಿ ಶಾಯಿಯಲ್ಲಿ ಮುದ್ರಿಸಿರುತ್ತಾರೆ. ಪದವನ್ನು ಓದದೆ ಶಾಯಿಯ ಬಣ್ಣವನ್ನು ಹೇಳಬೇಕು. 1956ರಲ್ಲಿ ಬಂದ ಇನ್ನೊಂದು ಪರೀಕ್ಷೆಯಲ್ಲಿ ಒಂದರ ಹಿಂದೆ ಒಂದರಂತೆ ಅಕ್ಷರಗಳು ಕಾಣಿಸಿಕೊಳ್ಳುತ್ತವೆ. ನಿಗದಿತ ಅಕ್ಷರ ಬಂದಾಗ ಮಾತ್ರ ಗುಂಡಿಯನ್ನು ಒತ್ತಬೇಕು. ನಮ್ಮ ನಿಮ್ಹಾನ್ಸ್ ಸಂಸ್ಥೆಯು 2004ರಲ್ಲಿ ಹೊರತಂದ ನರಮನೋವೈಜ್ಞಾನಿಕ ಪರೀಕ್ಷಾ ಮಾಲೆಯಲ್ಲಿ ಹಾಳೆಯ ತುಂಬ ಅಂಕಿಗಳನ್ನು ಮುದ್ರಿಸಿ, 6 ಮತ್ತು 9ನ್ನು ಮಾತ್ರ ಹೊಡೆದು ಹಾಕುವಂತೆ ಕೇಳುವ ಪರೀಕ್ಷೆಯಿದೆ. ಅಂಕಗಳನ್ನು ಹೋಲಿಸಿ ನೋಡಲು ವಯಸ್ಸು, ಲಿಂಗ ಮತ್ತು ವಿದ್ಯಾಭ್ಯಾಸದ ಪ್ರಕಾರ ಪ್ರತ್ಯೇಕ ಮಾನದಂಡಗಳನ್ನು ಆ ಮಾಲೆ ಒದಗಿಸಿದೆ. ಅಕ್ಷರ ಕಲಿಯದವರಿಗೂ ಅದರಲ್ಲಿ ಬೇರೆಯದೇ ಮಾನದಂಡವಿದೆ ಎಂಬುದು ಮುಖ್ಯ. ಕಾಲೇಜು ಕಲಿತವನ ಅಳತೆಗೋಲಿನಿಂದ ಕೂಲಿಕಾರನನ್ನು ಅಳೆಯಬಾರದು ಎಂಬ ವಿವೇಕ ಬೆಂಗಳೂರಿನಲ್ಲಿ ಎರಡು ದಶಕಗಳ ಹಿಂದೆಯೇ ಇತ್ತು.

ವರ್ಚುವಲ್ ರಿಯಾಲಿಟಿಯು ಪರೀಕ್ಷೆಯ ಕೋಣೆಗೆ ಅಡ್ಡಿಗಳನ್ನು ಮರಳಿ ತಂದಿತು. 2000ದ ಆಸುಪಾಸಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ರಿಜ್ಜೊ ಮತ್ತು ಸಂಗಡಿಗರು ಗಮನದ ಕೊರತೆಯಿರುವ ಮಕ್ಕಳಿಗಾಗಿ ಒಂದು ಕಲ್ಪಿತ ತರಗತಿಯನ್ನು ರೂಪಿಸಿದರು. ಮಗು ಕಪ್ಪು ಹಲಗೆಯ ಮೇಲೆ ಬರುವ ಅಕ್ಷರಗಳನ್ನು ನೋಡುತ್ತಿರಬೇಕು. ಅಷ್ಟರಲ್ಲಿ ಕಾಗದದ ವಿಮಾನವೊಂದು ಹಾರಿಹೋಗುತ್ತದೆ, ಯಾರೋ ಬಾಗಿಲಿನಿಂದ ಒಳಬರುತ್ತಾರೆ, ಕಿಟಕಿಯಾಚೆ ವಾಹನ ಸಾಗುತ್ತದೆ. ಮಗುವಿನ ತಲೆ ಎತ್ತ ತಿರುಗಿತು ಎಂಬುದು ದಾಖಲಾಗುತ್ತದೆ. ಅದೇ ಜಾಡಿನಲ್ಲಿ ದೊಡ್ಡವರಿಗಾಗಿ ಕಲ್ಪಿತ ಮನೆ, ಕಲ್ಪಿತ ಕಛೇರಿಗಳೂ ಬಂದವು. 2016ರ ನಂತರ ಈ ಸಾಧನಗಳು ಜನಸಾಮಾನ್ಯರ ಮಾರುಕಟ್ಟೆಗೆ ಬಂದು ಬೆಲೆ ಇಳಿದ ಮೇಲೆ, ಸಂಶೋಧಕರ ಆಸಕ್ತಿ ಆತಂಕ ಮತ್ತು ಖಿನ್ನತೆಗಳ ಕಡೆಗೂ ಹೆಚ್ಚು ಹರಿಯಿತು.

ರೋಗ ಗಮನವನ್ನು ಏನು ಮಾಡುತ್ತದೆ?

ಆತಂಕಗೊಂಡ ಮನಸ್ಸು ಅಪಾಯದ ಕಡೆಗೆ ಬೇಗನೆ ವಾಲುತ್ತದೆ. 1986ರಲ್ಲಿ ಕಾಲಿನ್ ಮೆಕ್ಲಾಡ್ ಮತ್ತು ಸಂಗಡಿಗರು ಇದನ್ನು ಪ್ರಯೋಗದಿಂದ ತೋರಿಸಿದರು. ಭಯ ಹುಟ್ಟಿಸುವ ಪದ ಮತ್ತು ಸಾಮಾನ್ಯ ಪದ ಎರಡನ್ನೂ ಒಟ್ಟಿಗೆ ತೋರಿಸಿದಾಗ ಆತಂಕವುಳ್ಳವರ ಗಮನ ಮೊದಲನೆಯದರತ್ತ ಹರಿಯಿತು. ಖಿನ್ನತೆಯ ರೀತಿ ಬೇರೆ. ಖಿನ್ನ ಮನಸ್ಸು ನೋವಿನ ವಿಷಯವನ್ನು ಬೇಗ ಹುಡುಕುತ್ತದೆ ಎನ್ನುವುದಕ್ಕಿಂತ, ಒಮ್ಮೆ ಹಿಡಿದ ನೋವನ್ನು ಬಿಡಲಾರದೆ ಅಲ್ಲಿಯೇ ಸುತ್ತುತ್ತದೆ ಎನ್ನುವುದು ಹೆಚ್ಚು ಸರಿ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಬ್ರಿಟನ್ನಿನ ಮೈಕೆಲ್ ಐಸೆಂಕ್ ಮತ್ತು ಸಂಗಡಿಗರು 2007ರಲ್ಲಿ ಮಂಡಿಸಿದ ವಾದ ವಿಶೇಷವಾಗಿ ಹಿಡಿಸಿತು. ಆತಂಕವು ಕೆಲಸದ ಫಲಿತಾಂಶವನ್ನು ಕೆಡಿಸುವುದಕ್ಕಿಂತ ಹೆಚ್ಚಾಗಿ ದಕ್ಷತೆಯನ್ನು ಕೆಡಿಸುತ್ತದೆ ಎಂಬುದು ಆ ವಾದ. ಆತಂಕವುಳ್ಳವನು ಲೆಕ್ಕವನ್ನು ಸರಿಯಾಗಿಯೇ ಮುಗಿಸುತ್ತಾನೆ, ಆದರೆ ಅದಕ್ಕಾಗಿ ಇತರರಿಗಿಂತ ಹೆಚ್ಚು ಮಾನಸಿಕ ಬಂಡವಾಳವನ್ನು ವ್ಯಯಿಸುತ್ತಾನೆ. ಹೊರಗಿನಿಂದ ನೋಡುವವರಿಗೆ ಉತ್ಪನ್ನ ಮಾತ್ರ ಕಾಣುತ್ತದೆ, ಖರ್ಚು ಕಾಣುವುದಿಲ್ಲ. ಕುಟುಂಬದಲ್ಲಿ, ಕಛೇರಿಯಲ್ಲಿ ಅನೇಕರ ಆತಂಕ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುವುದಕ್ಕೆ ಇದೂ ಒಂದು ಕಾರಣ.

ಖಿನ್ನತೆಗೆ ಸಂಬಂಧಿಸಿದಂತೆ ಇನ್ನೊಂದು ಸಂಗತಿ ಚಿಕಿತ್ಸೆಯ ದೃಷ್ಟಿಯಿಂದ ಗಂಭೀರವಾದದ್ದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯೊಂದು, ಮನಸ್ಸಿನ ದುಗುಡ ಇಳಿದ ಮೇಲೂ ಗಮನಶಕ್ತಿಯ ಕೊರತೆ ಉಳಿದುಕೊಳ್ಳುತ್ತದೆ ಎಂದು ತೋರಿಸಿತು. ರೋಗಿ ನಗುತ್ತಾನೆ, ಊಟ ಮಾಡುತ್ತಾನೆ, ನಿದ್ದೆಯೂ ಬರುತ್ತದೆ. 'ವಾಸಿಯಾಯಿತಲ್ಲ, ಇನ್ನು ಕೆಲಸಕ್ಕೆ ನಡೆ' ಎಂದು ಮನೆಯವರು ಹೇಳುತ್ತಾರೆ. ಕೆಲಸಕ್ಕೆ ಹೋದವನು ತಪ್ಪುಗಳನ್ನು ಮಾಡುತ್ತಾನೆ, ಬೈಗುಳ ತಿನ್ನುತ್ತಾನೆ, ಮತ್ತೆ ಕುಸಿಯುತ್ತಾನೆ. ಗಮನವನ್ನು ನಿಖರವಾಗಿ ಅಳೆಯುವ ಸಾಧನದ ನಿಜವಾದ ಉಪಯೋಗ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ರೋಗವನ್ನು ಪತ್ತೆ ಹಚ್ಚುವುದಕ್ಕಿಂತಲೂ, ರೋಗಿ ಕೆಲಸಕ್ಕೆ ಮರಳಲು ಸಿದ್ಧನಾಗಿದ್ದಾನೆಯೇ ಎಂದು ತಿಳಿಯಲು ಅದು ಹೆಚ್ಚು ನೆರವಾದೀತು.

ಹುಳು ಮನೆಯ ಏಕಾಗ್ರತೆ

ದೊಡ್ಡಆಲಹಳ್ಳಿ ಕನಕಪುರದಿಂದ ಸಂಗಮ, ಮೇಕೆದಾಟುಗಳ ಕಡೆಗೆ ಹೋಗುವ ರಸ್ತೆಯಲ್ಲಿದೆ. 2007ರಲ್ಲಿ ರಚನೆಯಾಗಿ, 2025ರಲ್ಲಿ ರಾಜ್ಯ ಸರ್ಕಾರ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣ ಮಾಡಿದ ರಾಮನಗರ ಜಿಲ್ಲೆಗೆ ಸೇರಿದ ಊರು. ಬೆಂಗಳೂರಿನ ಓದುಗರಿಗೆ ಈ ಹೆಸರು ರಾಜಕಾರಣದ ಕಾರಣದಿಂದ ಪರಿಚಿತ. ನನಗೆ ಇಲ್ಲಿ ಮುಖ್ಯವಾದದ್ದು ಆ ಸೀಮೆಯ ರಾಗಿ, ಹಿಪ್ಪುನೇರಳೆ ಮತ್ತು ಕಾಡು.

ರೇಷ್ಮೆ ಹುಳು ಸಾಕುವುದಕ್ಕಿಂತ ಹೆಚ್ಚು ಎಚ್ಚರ ಬೇಡುವ ಬೇಸಾಯ ಬೇರೊಂದಿಲ್ಲ. ಸುಮಾರು ನಾಲ್ಕು ವಾರಗಳ ಅವಧಿಯಲ್ಲಿ ಹುಳು ನಾಲ್ಕು ಬಾರಿ ಪೊರೆ ಕಳಚುತ್ತದೆ. ರೈತರು ಇದನ್ನು ಜ್ವರವೆಂದು ಕರೆಯುತ್ತಾರೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದು, ಎದ್ದ ಹುಳುವಿಗೆ ತಡಮಾಡಬಾರದು. ಒಟ್ಟು ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಭಾಗವನ್ನು ಹುಳು ತಿನ್ನುವುದು ನಾಲ್ಕನೆಯ ಜ್ವರದ ನಂತರದ ಕೊನೆಯ ಹಂತದಲ್ಲಿ. ಆಮೇಲೆ ಹಣ್ಣಾದ ಹುಳುವನ್ನು ಕಣ್ಣಿನಿಂದಲೇ ಗುರುತಿಸಿ, ಆಯ್ದು, ಚಂದ್ರಿಕೆಗೆ ಬಿಡಬೇಕು. ಹಣ್ಣಾದ ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸುತ್ತದೆ, ಮೈ ಪಾರದರ್ಶಕವಾಗುತ್ತದೆ. ಬೇಗ ಬಿಟ್ಟರೂ ನಷ್ಟ, ತಡವಾದರೂ ನಷ್ಟ. ಸಾವಿರಾರು ಹುಳುಗಳ ನಡುವೆ, ನಿದ್ದೆಗೆಟ್ಟ ಕಣ್ಣಿನಲ್ಲಿ ನಡೆಯುವ ಈ ಆಯ್ಕೆಯು ಮನೋವಿಜ್ಞಾನಿಗಳ ಪರಿಭಾಷೆಯಲ್ಲಿ ಹೇಳುವುದಾದರೆ ದೀರ್ಘಾವಧಿ ಗಮನ ಮತ್ತು ಆಯ್ಕೆಯ ಗಮನ ಎರಡರ ಪರೀಕ್ಷೆಯೂ ಹೌದು.

ಆ ಭಾಗದಲ್ಲಿ ಓಡಾಡುವಾಗ ಒಬ್ಬ ರೇಷ್ಮೆ ಬೆಳೆಗಾರರೊಂದಿಗೆ ಮಾತಿಗೆ ಕೂತಿದ್ದೆ. ಮಧ್ಯವಯಸ್ಸಿನವರು, ಮಾತು ಕಡಿಮೆ. 'ಏಕೆ ಗೌಡರೇ, ಈ ಸಲ ಬೆಳೆ ಕೈಕೊಟ್ಟಿತೆ?' ಎಂದು ಕೇಳಿದೆ. 'ಬೆಳೆ ಕೈಕೊಡ್ನಿಲ್ಲ ಸ್ವಾಮಿ, ನಾನೇ ಬೆಳೆಗೆ ಕೈಕೊಟ್ಟೆ. ಕಣ್ಣು ಹುಳದ ಮ್ಯಾಲೇ ಇರ್ತದೆ, ಮನಸ್ಸು ಇರಾಕಿಲ್ಲ' ಎಂದರು. ಮನೆಯವರು ಅದನ್ನು ಸೋಮಾರಿತನವೆಂದೇ ತೀರ್ಮಾನಿಸಿದ್ದರು. ವೈದ್ಯರನ್ನು ಕಾಣುವ ಮಾತು ಯಾರ ತಲೆಗೂ ಹೊಳೆದಿರಲಿಲ್ಲ. ಅವರಿಗೆ ಖಿನ್ನತೆ ಇತ್ತು ಎಂದು ಹೇಳುವ ಅರ್ಹತೆ ನನಗಿಲ್ಲ. ಆದರೆ ಕಣ್ಣಿನ ಚಲನೆಯನ್ನು ದಾಖಲಿಸುವ ಯಾವುದೇ ಕನ್ನಡಕ ಅವರನ್ನು ಪರೀಕ್ಷಿಸಿದ್ದರೆ, ದೃಷ್ಟಿ ಹುಳುವಿನ ಮೇಲೆಯೇ ಇದೆ, ಗಮನ ಸರಿಯಾಗಿದೆ ಎಂಬ ವರದಿ ಬರುವ ಸಾಧ್ಯತೆ ಇತ್ತಲ್ಲವೆ? ನೋಟ ಬೇರೆ, ಗಮನ ಬೇರೆ. ಈ ಅಂತರವನ್ನು ತುಂಬಬೇಕಾದರೆ ನೋಟದ ಜೊತೆಗೆ, ಆತ ಹಣ್ಣಾದ ಹುಳುವನ್ನು ಎಷ್ಟು ಹೊತ್ತಿನಲ್ಲಿ ಗುರುತಿಸಿದ, ಎಷ್ಟನ್ನು ಬಿಟ್ಟುಬಿಟ್ಟ ಎಂಬ ಲೆಕ್ಕವೂ ಬೇಕು, ಎದುರಿಗೆ ಕೂತು ವಿಚಾರಿಸುವ ಮನುಷ್ಯನೂ ಬೇಕು.

ಇನ್ನು ಕಾಡಿನ ವಿಷಯ. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿ ಧಾಮದ ಅಂಚಿನಲ್ಲಿರುವ ಈ ಹಳ್ಳಿಗಳಿಗೆ ಕಾಡಾನೆಗಳ ಉಪಟಳ ಹೊಸದಲ್ಲ. ರಾಗಿಯ ತೆನೆ ಬಲಿಯುವ ಕಾಲಕ್ಕೆ ರೈತರು ಅಟ್ಟಣೆಯ ಮೇಲೆ ಕೂತು ರಾತ್ರಿಯಿಡೀ ಹೊಲ ಕಾಯುತ್ತಾರೆ. ಪೊದೆ ಅಲುಗಿದರೆ ಎಚ್ಚರ, ಕೊಂಬೆ ಮುರಿದ ಸದ್ದಾದರೆ ಎಚ್ಚರ. ಈ ರೈತನನ್ನು ಮರುದಿನ ಪರೀಕ್ಷೆಗೆ ಕೂರಿಸಿದರೆ, ಪ್ರತಿ ಸದ್ದಿಗೂ ಆತನ ತಲೆ ತಿರುಗುತ್ತದೆ. ಅಪಾಯದ ಕಡೆಗೆ ಗಮನದ ಒಲವು ಹೆಚ್ಚು, ಆತಂಕದ ಲಕ್ಷಣವಿದೆ ಎಂದು ಯಂತ್ರ ಹೇಳಬಹುದು. ಆತನ ಮಟ್ಟಿಗೆ ಅದು ರೋಗವಲ್ಲ, ಜೀವ ಉಳಿಸುವ ವಿದ್ಯೆ. ಬೆಂಗಳೂರಿನ ಕಛೇರಿಯಲ್ಲಿ ಕೂತವನಿಗೆ ಇದೇ ಚಡಪಡಿಕೆ ಇದ್ದರೆ ಅದು ರೋಗವಾದೀತು. ನಿದ್ದೆಗೇಡು, ರಕ್ತಹೀನತೆ, ಥೈರಾಯ್ಡ್ ತೊಂದರೆ, ಮದ್ಯಪಾನ, ಕೆಲವು ಔಷಧಗಳು ಎಲ್ಲವೂ ಗಮನವನ್ನು ಕುಗ್ಗಿಸುತ್ತವೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಗಮನ ಕುಂದಿದೆ ಎಂದು ಹೇಳುವುದು ಸುಲಭ. ಏಕೆ ಕುಂದಿದೆ ಎಂಬುದನ್ನು ಕನ್ನಡಕ ಹೇಳಲಾರದು.

ಬಡತನವೂ ಗಮನದ ಮೇಲೊಂದು ತೆರಿಗೆ

2013ರಲ್ಲಿ ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಆನಂದಿ ಮಣಿ ಮತ್ತು ಜಿಯಾಯಿಂಗ್ ಝಾವೊ ಅವರು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಪ್ರಸ್ತುತ. ನೆರೆಯ ತಮಿಳುನಾಡಿನ 464 ಮಂದಿ ಕಬ್ಬು ಬೆಳೆಗಾರರನ್ನು ಕಟಾವಿನ ಮುಂಚೆ ಮತ್ತು ಕಟಾವಿನ ನಂತರ ಪರೀಕ್ಷಿಸಲಾಯಿತು. ಅದೇ ರೈತ, ಅದೇ ಪರೀಕ್ಷೆ. ಕೈಯಲ್ಲಿ ಕಾಸಿಲ್ಲದ ಕಟಾವು-ಪೂರ್ವ ದಿನಗಳಲ್ಲಿ ಆತನ ಸಾಧನೆ ಕಡಿಮೆಯಿತ್ತು, ಹಣ ಬಂದ ಮೇಲೆ ಸುಧಾರಿಸಿತ್ತು. ಓದು ಬಾರದವರೂ ಇದ್ದುದರಿಂದ ಸ್ಟ್ರೂಪ್ ಪರೀಕ್ಷೆಯನ್ನು ಪದಗಳಿಗೆ ಬದಲಾಗಿ ಅಂಕಿಗಳಲ್ಲಿ ಕೊಡಲಾಯಿತು. 5 5 5 ಎಂದು ತೋರಿಸಿದರೆ ಎಷ್ಟು ಅಂಕಿಗಳಿವೆಯೋ ಆ ಸಂಖ್ಯೆಯನ್ನು, ಅಂದರೆ ಮೂರು ಎಂದು ಹೇಳಬೇಕು. ಈ ಅಧ್ಯಯನದ ಲೆಕ್ಕಾಚಾರದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಗಳು ನಡೆದಿವೆ. ಆದರೂ ಅದು ಎತ್ತಿದ ಪ್ರಶ್ನೆ ಗಟ್ಟಿಯಾಗಿದೆ: ಒಬ್ಬನ ಗಮನವನ್ನು ಯಾವ ತಿಂಗಳಲ್ಲಿ ಅಳೆದಿರಿ ಎಂಬುದನ್ನು ಹೇಳದೆ ಆ ಅಂಕಕ್ಕೆ ಅರ್ಥವಿದೆಯೆ? ರೇಷ್ಮೆಗೂಡು ಮಾರಿ ರಾಮನಗರದ ಮಾರುಕಟ್ಟೆಯಿಂದ ಹಣದೊಂದಿಗೆ ಮರಳಿದ ದಿನದ ಮನಸ್ಸು, ಸಹಕಾರ ಸಂಘದ ಸಾಲದ ಕಂತು ಎದುರಿಗಿರುವ ದಿನದ ಮನಸ್ಸು ಒಂದೇ ಅಲ್ಲ.

ಬಡತನ, ಖಿನ್ನತೆ ಮತ್ತು ಆತಂಕಗಳು ಪರಸ್ಪರ ಪೋಷಕವಾಗಿವೆ ಎಂಬುದನ್ನು 2020ರಲ್ಲಿ ಮ್ಯಾಥ್ಯೂ ರಿಡ್ಲಿ, ಗೌತಮ್ ರಾವ್, ಫ್ರಾಂಕ್ ಶಿಲ್‌ಬಾಖ್ ಮತ್ತು ವಿಕ್ರಮ್ ಪಟೇಲ್ ಅವರು ಅದೇ ಪತ್ರಿಕೆಯಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಆದಾಯ ಕುಸಿದರೆ ಮನಸ್ಸು ಕುಸಿಯುತ್ತದೆ. ಮನಸ್ಸು ಕುಸಿದರೆ ದುಡಿಮೆ ಕುಸಿಯುತ್ತದೆ. ಈ ಸುಳಿಯಲ್ಲಿ ಗಮನದ ಪಾತ್ರ ದೊಡ್ಡದು. ಹುಳು ಮನೆಯಲ್ಲಿ ಎರಡು ದಿನ ಮನಸ್ಸು ತಪ್ಪಿದರೆ ಒಂದು ಇಡೀ ಬೆಳೆ ಹೋಗುತ್ತದೆ.

ಅಳತೆಯ ನಂತರ ಏನು?

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಜನ ಒಂದಲ್ಲ ಒಂದು ಮಾನಸಿಕ ಅಸ್ವಾಸ್ಥ್ಯದಿಂದ ಬಳಲುತ್ತಿದ್ದರು. ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ರೋಗಗಳಲ್ಲಿ ಶೇ. 85ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ಆದರೆ ನಮ್ಮ ಹಳ್ಳಿಗಳ ಸ್ಥಿತಿ ಇದಕ್ಕಿಂತ ಬಹಳ ಭಿನ್ನವಾಗಿದೆ ಎಂದು ನಂಬಲು ಕಾರಣವಿಲ್ಲ. ನೂರರಲ್ಲಿ 85 ಮಂದಿ ವೈದ್ಯರ ಬಾಗಿಲನ್ನೇ ತಲುಪದಿರುವಾಗ, ಬಾಗಿಲು ತಲುಪಿದ 15 ಮಂದಿಯನ್ನು ಇನ್ನಷ್ಟು ನಿಖರವಾಗಿ ಅಳೆಯುವ ಯಂತ್ರಕ್ಕೆ ಹಣ ಹೂಡುವುದು ಸರಿಯೆ ಎಂದು ಯಾವುದೇ ಹಣಕಾಸು ಇಲಾಖೆಯ ಅಧಿಕಾರಿ ಕೇಳಬಹುದು. ಕೇಳಲೂ ಬೇಕು.

ಉಪಕರಣಗಳ ಖರೀದಿಯಲ್ಲಿ ನಮ್ಮ ಆಡಳಿತದ ಚರಿತ್ರೆ ಹೆಮ್ಮೆಪಡುವಂಥದ್ದಲ್ಲ. ಸೇವೆಯಲ್ಲಿದ್ದಾಗ ಒಂದು ಆಸ್ಪತ್ರೆಯ ಉಗ್ರಾಣದಲ್ಲಿ, ನಡೆಸುವ ತಂತ್ರಜ್ಞನ ಹುದ್ದೆ ಮಂಜೂರಾಗದ ಕಾರಣಕ್ಕೆ ಪೆಟ್ಟಿಗೆಯಿಂದ ಹೊರಗೆ ಬಾರದೆ ವರ್ಷಗಟ್ಟಲೆ ಕೂತಿದ್ದ ಯಂತ್ರವನ್ನು ನೋಡಿದ್ದೇನೆ. ವರ್ಚುವಲ್ ರಿಯಾಲಿಟಿ ಸಾಧನದ ಬೆಲೆ ಈಗ ಒಂದು ಉತ್ತಮ ಮೊಬೈಲ್ ಫೋನಿನ ಬೆಲೆಯ ಹತ್ತಿರಕ್ಕೆ ಬಂದಿದೆ ಎಂಬುದು ನಿಜ. ಆದರೆ ದುಬಾರಿಯಾದದ್ದು ಸಾಧನವಲ್ಲ. ಅದನ್ನು ನಡೆಸುವ, ಫಲಿತಾಂಶವನ್ನು ಓದುವ, ರೋಗಿಯ ಜೊತೆ ಮಾತನಾಡುವ ಮನೋವಿಜ್ಞಾನಿಯ ಸಂಬಳವೇ ನಿಜವಾದ ವೆಚ್ಚ. ಆ ಹುದ್ದೆ ಇಲ್ಲದಿದ್ದರೆ ಸಾಧನವೂ ಪೆಟ್ಟಿಗೆಯಲ್ಲಿ ಉಳಿಯುತ್ತದೆ.

ಹಾಗೆಂದು ಈ ತಂತ್ರಜ್ಞಾನವನ್ನು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಹಳೆಯ ಪರೀಕ್ಷೆಗಳೂ ನಿರ್ದೋಷಿಗಳಲ್ಲ. 1986ರ ಪ್ರಯೋಗದಿಂದ ಬೆಳೆದ ಜನಪ್ರಿಯ ಪರೀಕ್ಷೆಯನ್ನು ಅದೇ ವ್ಯಕ್ತಿಗೆ ಎರಡು ಬಾರಿ ಕೊಟ್ಟರೆ ಫಲಿತಾಂಶಗಳು ತಾಳೆಯಾಗುವುದಿಲ್ಲ ಎಂದು 2005ರಲ್ಲಿಯೇ ತೋರಿಸಲಾಗಿತ್ತು. ಗುಂಪುಗಳ ಸರಾಸರಿಯನ್ನು ಹೋಲಿಸಲು ಸಾಕಾಗುವ ಅಳತೆಗೋಲು, ಒಬ್ಬ ರೋಗಿಯ ಬಗ್ಗೆ ತೀರ್ಪು ಕೊಡಲು ಸಾಲದು. ಹೊಸ ಸಾಧನ ಈ ಕಟ್ಟಳೆಯಿಂದ ಹೊರತಲ್ಲ. ಆದರೆ ಅದಕ್ಕೆ ಒಂದು ವಿಶೇಷ ಶಕ್ತಿ ಇದೆ. ಅಕ್ಷರವನ್ನೇ ಕೇಳದೆ, ಬದುಕಿನ ಕೆಲಸವನ್ನೇ ಪರೀಕ್ಷೆಯಾಗಿಸಬಲ್ಲದು.

ಕ್ಯಾಲಿಫೋರ್ನಿಯಾದ ತರಗತಿಗೆ ಬದಲಾಗಿ ಕನಕಪುರ ಸೀಮೆಯ ಹುಳು ಮನೆಯೊಂದನ್ನು ಕನ್ನಡಕದೊಳಗೆ ಕಟ್ಟಲು ಏನಡ್ಡಿ? ತಟ್ಟೆಯಲ್ಲಿ ಹುಳುಗಳಿವೆ; ಹಣ್ಣಾದದ್ದನ್ನು ಮಾತ್ರ ಆಯ್ದು ಚಂದ್ರಿಕೆಗೆ ಬಿಡಬೇಕು. ನಡುವೆ ಮೊಬೈಲ್ ರಿಂಗಣಿಸುತ್ತದೆ, ಹೊರಗೆ ನಾಯಿ ಬೊಗಳುತ್ತದೆ, ಸಾಲ ಕೊಟ್ಟವರು ಬಾಗಿಲಲ್ಲಿ ಹೆಸರು ಹಿಡಿದು ಕೂಗುತ್ತಾರೆ. ನಾಯಿಯ ಬೊಗಳುವಿಕೆಯಿಂದ ಕೆಲಸಕ್ಕೆ ಮರಳಲು ಎಷ್ಟು ಹೊತ್ತು ಬೇಕಾಯಿತು, ಸಾಲಗಾರನ ಕೂಗಿನಿಂದ ಮರಳಲು ಎಷ್ಟು ಹೊತ್ತು ಬೇಕಾಯಿತು ಎಂಬ ಎರಡು ಅಳತೆಗಳ ವ್ಯತ್ಯಾಸ ವೈದ್ಯರಿಗೆ ಬಹಳಷ್ಟನ್ನು ಹೇಳೀತು. ಇಲ್ಲೂ ಎಚ್ಚರ ಬೇಕು. ಇಪ್ಪತ್ತು ವರ್ಷ ಹುಳು ಸಾಕಿದವರು ಖಿನ್ನತೆಯಲ್ಲಿಯೂ ಅಭ್ಯಾಸಬಲದಿಂದ ಗೆಲ್ಲಬಹುದು, ಹೊಸಬರು ಆರೋಗ್ಯವಂತರಾಗಿದ್ದೂ ಸೋಲಬಹುದು. ಆದ್ದರಿಂದ ಒಬ್ಬರನ್ನು ಇನ್ನೊಬ್ಬರೊಡನೆ ಹೋಲಿಸುವುದಕ್ಕಿಂತ, ಅದೇ ವ್ಯಕ್ತಿಯನ್ನು ಚಿಕಿತ್ಸೆಯ ಮೊದಲು, ನಡುವೆ ಮತ್ತು ನಂತರ ಅಳೆಯುವುದೇ ನ್ಯಾಯ. ಮೊದಲ ಬಾರಿ ಕನ್ನಡಕ ಕಟ್ಟಿದವರಿಗೆ ಬೆರಗೇ ಗಮನವನ್ನು ಕದಿಯುತ್ತದೆ, ಕೆಲವರಿಗೆ ತಲೆಸುತ್ತು, ವಾಕರಿಕೆಯೂ ಬರುತ್ತದೆ. ಅಭ್ಯಾಸಕ್ಕೆ ಸಮಯ ಕೊಡದೆ ಅಂಕ ಹಾಕಬಾರದು. ಆನೆಯ ಕಾಲಿಗೆ ಸಿಕ್ಕಿ ತಮ್ಮವರನ್ನು ಕಳೆದುಕೊಂಡವರ ಮುಂದೆ ಕಲ್ಪಿತ ಆನೆಯನ್ನು ತಂದು ನಿಲ್ಲಿಸುವ ಕ್ರೌರ್ಯವಂತೂ ಸಲ್ಲದು.

ದಾರಿ ನಮ್ಮಲ್ಲಿಯೇ ಇದೆ

ಹಳ್ಳಿಯ ಮನಸ್ಸಿಗೆ ತಕ್ಕ ಸೇವೆಯನ್ನು ರೂಪಿಸುವ ಅನುಭವ ಕರ್ನಾಟಕಕ್ಕೆ ಹೊಸದಲ್ಲ. 1970ರ ದಶಕದ ಮಧ್ಯಭಾಗದಲ್ಲಿ ನಿಮ್ಹಾನ್ಸ್ ತಜ್ಞರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಪ್ರಯೋಗ ನಡೆಸಿದರು. 1985ರಲ್ಲಿ ಆರಂಭವಾದ ಬಳ್ಳಾರಿ ಜಿಲ್ಲೆಯ ಪ್ರಯೋಗವು, 1996ರಲ್ಲಿ ಆರಂಭವಾದ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕನಕಪುರವೂ ಸೇರಿದಂತೆ ಸುತ್ತಲಿನ ತಾಲ್ಲೂಕು ಕೇಂದ್ರಗಳಿಗೆ ನಿಮ್ಹಾನ್ಸ್ ತಂಡಗಳು ಹೋಗಿ ಚಿಕಿತ್ಸಾ ಶಿಬಿರ ನಡೆಸಿದ್ದೂ ಉಂಟು. ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದ ಆಶಯ, ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿಗಳಿಗೆ ಸಿಗಬೇಕೆಂಬುದು. ಕನ್ನಡಕವೊಂದು ಬರುವುದಾದರೆ ಈ ವ್ಯವಸ್ಥೆಯೊಳಗೆ, ಇದಕ್ಕೆ ಊರುಗೋಲಾಗಿ ಬರಬೇಕು.

ಸರ್ಕಾರ ಮತ್ತು ಸಂಶೋಧಕರ ಮುಂದೆ ನಾಲ್ಕು ಮಾತುಗಳನ್ನು ಇಡಬಯಸುತ್ತೇನೆ. ಮೊದಲನೆಯದಾಗಿ, ನಗರದ ವಿದ್ಯಾರ್ಥಿಗಳ ಮೇಲೆ ಸಿದ್ಧಪಡಿಸಿದ ಮಾನದಂಡದಿಂದ ಗ್ರಾಮೀಣ ರೋಗಿಗಳನ್ನು ಅಳೆಯಬಾರದು. ವಯಸ್ಸು, ವಿದ್ಯೆ, ಕಸುಬು ಮತ್ತು ಬೆಳೆಯ ಋತುವನ್ನು ಗಣನೆಗೆ ತೆಗೆದುಕೊಂಡ ಸ್ಥಳೀಯ ಮಾನದಂಡ ಮೊದಲು ಸಿದ್ಧವಾಗಲಿ. ಎರಡನೆಯದಾಗಿ, ನಿಮ್ಹಾನ್ಸ್‌ನ ಕಾಗದದ ಪರೀಕ್ಷೆಗಿಂತ, ಅನುಭವಿ ವೈದ್ಯರ ಅರ್ಧ ಗಂಟೆಯ ಮಾತುಕತೆಗಿಂತ ಈ ಸಾಧನ ಹೆಚ್ಚೇನನ್ನು ತಿಳಿಸುತ್ತದೆ ಎಂಬುದು ಸಾಬೀತಾಗಲಿ. ಮೂರನೆಯದಾಗಿ, ಕಣ್ಣಿನ ಚಲನೆಯ ದಾಖಲೆ ರೋಗಿಯ ಅಂತರಂಗದ ದಾಖಲೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಒಪ್ಪಿದೆ. ಆ ದಾಖಲೆ ಸಾಲ ಕೊಡುವವರ, ವಿಮೆ ಮಾಡುವವರ, ಕೆಲಸ ಕೊಡುವವರ ಕೈಗೆ ಸಿಗದಂತೆ ನೋಡಿಕೊಳ್ಳಬೇಕು. ನಾಲ್ಕನೆಯದಾಗಿ, ಸಾಧನಕ್ಕಾಗಿ ಒಂದು ರೂಪಾಯಿ ಮಂಜೂರು ಮಾಡುವ ಆದೇಶದಲ್ಲಿಯೇ, ಅದನ್ನು ನಡೆಸುವ ಮನೋವಿಜ್ಞಾನಿಯ ಹುದ್ದೆಯೂ ಮಂಜೂರಾಗಲಿ.

ಅಲ್ಲಿಯವರೆಗೆ ಮಾಡಬಹುದಾದ ಕೆಲಸ ಕಡಿಮೆಯೇನಿಲ್ಲ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯು ಪತ್ರಿಕೆ, ಟೆಲಿವಿಷನ್‌ಗಳ ಮಾತು ಬಿಟ್ಟು, 'ಹುಳು ಆಯುವಾಗ, ಒಲೆಯ ಮುಂದೆ ಕೂತಾಗ, ಹಾಲು ಕರೆಯುವಾಗ ಮನಸ್ಸು ನಿಲ್ಲುತ್ತದೆಯೇ ಅಕ್ಕ?' ಎಂದು ಕೇಳಬಹುದು. ಇದಕ್ಕೆ ಯಾವ ಯಂತ್ರವೂ ಬೇಡ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು ಎಂಬ ಸಂಗತಿಯನ್ನು ಹಾಲಿನ ಡೇರಿಯ ಗೋಡೆಯ ಮೇಲೆ, ರೇಷ್ಮೆಗೂಡಿನ ಮಾರುಕಟ್ಟೆಯ ಬಾಗಿಲಲ್ಲಿ ಬರೆಸಬಹುದು. ದುಡಿಯುವ ಮನುಷ್ಯನೊಬ್ಬ ಇದ್ದಕ್ಕಿದ್ದಂತೆ ಕೆಲಸದಲ್ಲಿ ತಪ್ಪತೊಡಗಿದರೆ, ಸೋಮಾರಿ ಎಂದು ಜರೆಯುವ ಮೊದಲು ಆತನನ್ನು ಒಮ್ಮೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟು ಗಮನ ನಮ್ಮಲ್ಲಿ ಇರಲಿ.